ಸ್ಕ್ರೂ ತಿರುವುವ ಮೊದಲು ಪ್ಲಗ್ ಬಿಚ್ಚಿ

ಖಂಡೇಪೂಜೆಯ ಹಿಂದಿನ ದಿನ ಅಂಬಾಸಿಡರ್ ಮೇಲಿನ ತಾಡಪತ್ರಿ ತೆಗೆದು, ಬ್ಯಾಟರಿ ಚಾರ್ಜ್ ಮಾಡಿಸಿ, ಚೋಕ್ ಎಳೆದು ಸೆಲ್ಫ್ ಹೊಡೆದರೆ ಗಾಡಿ ಚಾಲೂ ಆಗುತ್ತದೆ. ಆದರೆ ನಿಂತಲ್ಲೇ ಕುಣಿಯುತ್ತದೆ. ಗೇರ್ ಲಿವರ್ ನಡುಗುತ್ತದೆ, ಬಾಗಿಲಿನ ಗಾಜು ಗಡಗಡ ಅನ್ನುತ್ತದೆ. ಸೈಲೆನ್ಸರ್ ಬಾಯಿಯ ಹತ್ತಿರ ಅಂಗೈ ಹಿಡಿದರೆ ಒಂದೇ ಸಮನೆ ಬರಬೇಕಾದ ಹೊಗೆ ಮೂರು ಸಲ ತಳ್ಳಿ ನಾಲ್ಕನೇ ಸಲ ತಪ್ಪಿಸುತ್ತದೆ. ರಸ್ತೆಗೆ ಇಳಿಸಿ ಮೂರನೇ ಗೇರಿಗೆ ಹಾಕಿದರೆ ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಹಳೆಯ ಗಾಡಿ ಇಟ್ಟುಕೊಂಡವರ ಸಾಮಾನ್ಯ ದೂರು ಇದು. ಇದಕ್ಕೆ ಸಿಗುವ ಸಾಮಾನ್ಯ ಉತ್ತರವೂ ಒಂದೇ: ಕಾರ್ಬೋರೇಟರ್ ಹೋಗೇತ್ರಿ.

ಆ ಉತ್ತರವನ್ನು ನಂಬಿ ನಾನು ಎರಡು ಸಲ ದುಡ್ಡು ಕಟ್ಟಿದ್ದೇನೆ. ನಮ್ಮ ಮನೆಯದು 1977ರ ಮಾರ್ಕ್ 3. ಹುಕ್ಕೇರಿಯ ಒಂದು ಮದುವೆಗೆ ಹೋಗಿ ಬಂದ ಮೇಲೆ ಸ್ಲೋ (ಎಕ್ಸಲರೇಟರ್ ಬಿಟ್ಟಾಗ ಎಂಜಿನ್ ನಿಂತಲ್ಲೇ ಓಡುವುದು) ನಿಲ್ಲುವುದನ್ನೇ ಬಿಟ್ಟಿತು. ಒಂದು ಗ್ಯಾರೇಜಿನಲ್ಲಿ ಕಾರ್ಬೋರೇಟರ್ ಬಿಚ್ಚಿ ಕಿಟ್ ಹಾಕಿದರು. ಹದಿನೈದು ದಿನಕ್ಕೆ ಮತ್ತೆ ಅದೇ ಹಾಡು. ಆಗ ಕಾರ್ಬೋರೇಟರನ್ನೇ ಬದಲಿಸಿದರು, ಕುಣಿತ ನಿಲ್ಲಲಿಲ್ಲ. ಕೊನೆಗೆ ಮೂಡಲಗಿಯ ವಯಸ್ಸಾದ ಮಿಸ್ತ್ರಿಯೊಬ್ಬರ ಹತ್ತಿರ ಒಯ್ದೆ. ಅವರು ಕಾರ್ಬೋರೇಟರ್ ಕಡೆ ನೋಡಲೂ ಇಲ್ಲ. ನಾಲ್ಕೂ ಪ್ಲಗ್ ಬಿಚ್ಚಿ, ಮಡ್‌ಗಾರ್ಡ್ ಮೇಲೆ ಬಟ್ಟೆ ಹಾಸಿ, ರೇಡಿಯೇಟರ್ ಕಡೆಯಿಂದ ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಇಟ್ಟರು. ಮೊದಲ ಎರಡು ಸುಣ್ಣ ಬಳಿದಂತೆ ಬೆಳ್ಳಗೆ. ಉಳಿದೆರಡು ಕರದಂಟಿನ ಬೆಲ್ಲದ ಬಣ್ಣ.

‘ಸರ, ಒಂದ ಕಾರ್ಬೋರೇಟರ್ ನಾಕಕ್ಕೂ ಉಣ್ಣಸ್ತೈತಿ. ಅಡಗಿ ಕೆಟ್ಟಿದ್ದರ ನಾಕೂ ಮಂದಿಗೆ ಹೊಟ್ಟಿ ಕೆಡಬೇಕಾಗಿತ್ತು. ಇಬ್ಬರಿಗಷ್ಟ ಕೆಟ್ಟೈತಿ ಅಂದರ ಅದು ಅಡಗಿದಲ್ಲ, ಬಡಸೂದ್ರಾಗ ಏನೋ ಆಗೇತಿ’ ಎಂದರು.

ಈ ಲೇಖನದಲ್ಲಿ ನಾನು ಹೇಳಬೇಕಾದದ್ದೆಲ್ಲ ಹೆಚ್ಚುಕಡಿಮೆ ಆ ಮಾತಿನೊಳಗೇ ಇದೆ. ನಾಲ್ಕೂ ಪ್ಲಗ್ ಒಂದೇ ರೀತಿ ಕೆಟ್ಟಿದ್ದರೆ ಕಾರ್ಬೋರೇಟರ್, ಏರ್ ಫಿಲ್ಟರ್, ಪೆಟ್ರೋಲ್ ಪಂಪ್ ಹುಡುಕಿ. ಒಂದೊಂದು ಒಂದೊಂದು ಬಣ್ಣ ಇದ್ದರೆ ಕಾರ್ಬೋರೇಟರ್ ದಾಟಿ ಮುಂದಕ್ಕೆ ಹುಡುಕಿ. ಮಿಕ್ಸ್ಚರ್ ಸ್ಕ್ರೂಗೆ ಕೈ ಹಾಕುವುದು ಇದೆಲ್ಲ ಮುಗಿದ ಮೇಲೆ.

ಸ್ವಲ್ಪ ಲೆಕ್ಕ ತಿಳಿದಿರಲಿ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಪೆಟ್ರೋಲ್ ಹೆಚ್ಚಾದರೆ ಮಿಸ್ತ್ರಿಗಳು ರಿಚ್ ಅನ್ನುತ್ತಾರೆ. ಪ್ಲಗ್ಗಿಗೆ ಒಣ ಮಸಿ ಹಿಡಿಯುತ್ತದೆ, ಕಪ್ಪು ಹೊಗೆ ಬರುತ್ತದೆ, ಮೈಲೇಜ್ ಬೀಳುತ್ತದೆ. ಗಾಳಿ ಹೆಚ್ಚಾದರೆ ಲೀನ್. ಪ್ಲಗ್ಗಿನ ಪಿಂಗಾಣಿ ಬೆಳ್ಳಗಾಗುತ್ತದೆ, ಎಂಜಿನ್ ಬೇಗ ಕಾಯುತ್ತದೆ, ಎಕ್ಸಲರೇಟರ್ ಒತ್ತಿದಾಗ ಕಾರ್ಬೋರೇಟರ್ ಬಾಯಲ್ಲಿ ಸೀನುತ್ತದೆ. ಎರಡರಲ್ಲಿ ಲೀನ್ ಹೆಚ್ಚು ಅಪಾಯ. ರಿಚ್ ಆದ ಗಾಡಿ ನಿಮ್ಮ ಜೇಬು ಸುಡುತ್ತದೆ, ಲೀನ್ ಆದ ಗಾಡಿ ತನ್ನ ವಾಲ್ವನ್ನೇ ಸುಟ್ಟುಕೊಳ್ಳುತ್ತದೆ.

ಪ್ಲಗ್ ನೋಡುವುದಕ್ಕೂ ಕ್ರಮವಿದೆ. ಮನೆ ಮುಂದೆ ಅರ್ಧ ಗಂಟೆ ನಿಂತಲ್ಲೇ ಓಡಿಸಿ ಬಿಚ್ಚಿದರೆ ಎಲ್ಲ ಪ್ಲಗ್ಗೂ ಕಪ್ಪಾಗಿಯೇ ಕಾಣುತ್ತವೆ, ಏಕೆಂದರೆ ಸ್ಲೋದಲ್ಲಿ ಮಿಶ್ರಣ ಯಾವಾಗಲೂ ಸ್ವಲ್ಪ ರಿಚ್. ಮೊದಲು ನಾಲ್ಕೂ ಒಂದೇ ಕಂಪನಿಯ, ಒಂದೇ ನಂಬರಿನ ಪ್ಲಗ್ ಹಾಕಿ, 25 ಥೌ ಗ್ಯಾಪ್ ಇಡಿ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ). ಎರಡು ಹಳೆಯದು, ಎರಡು ಹೊಸದು, ಅದರಲ್ಲೂ ಬೇರೆ ಬೇರೆ ಕಂಪನಿಯವು ಇದ್ದರೆ ಬಣ್ಣ ಸುಳ್ಳು ಹೇಳುತ್ತದೆ. ಆಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏಳೆಂಟು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಕ್ಲಚ್ ಒತ್ತಿ, ಇಗ್ನಿಷನ್ ಬಂದ್ ಮಾಡಿ ರಸ್ತೆ ಬದಿಗೆ ನಿಲ್ಲಿಸಿ, ಅಲ್ಲೇ ಬಿಚ್ಚಿ ನೋಡಬೇಕು. ಗೋಕಾಕ ಫಾಲ್ಸ್ ಕಡೆಯ ತಿರುವುಗಳಲ್ಲಿ ಇದನ್ನು ಮಾಡಬೇಡಿ. ಕಬ್ಬಿನ ಹಂಗಾಮಿನಲ್ಲಿ ಹುಕ್ಕೇರಿ, ಸಂಕೇಶ್ವರದ ರಸ್ತೆಯಲ್ಲೂ ಬೇಡ. ಹಿಂದೆ ಎರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರಿನವನಿಗೆ ನಿಮ್ಮ ಪ್ರಯೋಗ ಗೊತ್ತಿರುವುದಿಲ್ಲ. ನಸುಕಿನಲ್ಲಿ, ಖಾಲಿ ನೇರ ರಸ್ತೆಯಲ್ಲಿ, ಕನ್ನಡಿ ನೋಡಿಕೊಂಡು ಮಾಡಿ. ಗಾಡಿ ನಿಲ್ಲುವವರೆಗೆ ಕೀ ತೆಗೆಯಬೇಡಿ.

ಸೀಸವಿದ್ದ ಪೆಟ್ರೋಲ್ ಕಾಲದಲ್ಲಿ ಪ್ಲಗ್ಗಿನ ಬಣ್ಣ ಓದುವುದು ಸುಲಭವಿತ್ತು. 2000ನೇ ಇಸವಿಯಲ್ಲಿ ದೇಶದಾದ್ಯಂತ ಸೀಸ ನಿಂತ ಮೇಲೆ ಬಣ್ಣ ಮೂಡುವುದು ನಿಧಾನ, ಮೂಡಿದರೂ ತೆಳು. ಆದ್ದರಿಂದ ತುದಿ ನೋಡಿ ತೀರ್ಪು ಕೊಡಬೇಡಿ. ಪಿಂಗಾಣಿ ಒಳಗೆ ಇಳಿದು ಲೋಹಕ್ಕೆ ಸೇರುವ ಬುಡದಲ್ಲಿ ಒಂದು ಸಣ್ಣ ಉಂಗುರ ಕಾಣುತ್ತದೆ, ಟಾರ್ಚ್ ಹಿಡಿದು ಅದನ್ನು ನೋಡಿ. ಮುಖ್ಯವಾದದ್ದು ಬಣ್ಣ ಯಾವುದು ಎಂಬುದಲ್ಲ, ನಾಲ್ಕರ ನಡುವೆ ವ್ಯತ್ಯಾಸ ಎಷ್ಟು ಎಂಬುದು.

ಈಗ ಅಂಬಾಸಿಡರ್ ಎಂಜಿನ್ನಿನ ಒಂದು ವಿಚಿತ್ರ. 1489 ಸಿಸಿಯ ಆ ಎಂಜಿನ್ ಬ್ರಿಟಿಷ್ ಬಿಎಂಸಿ ಕಂಪನಿಯ ಬಿ ಸರಣಿಯದು. ನಾಲ್ಕು ಸಿಲಿಂಡರ್ ಇದ್ದರೂ ಅದರ ಹೆಡ್ಡಿಗೆ ಮಿಶ್ರಣ ಒಳಗೆ ಹೋಗುವ ಬಾಯಿ ಎರಡೇ. ಒಂದು, ಎರಡನೇ ಸಿಲಿಂಡರಿಗೆ ಒಂದು ಬಾಯಿ. ಮೂರು, ನಾಲ್ಕಕ್ಕೆ ಇನ್ನೊಂದು. ಹೊಗೆ ಹೊರಗೆ ಬರುವ ಬಾಯಿ ಮೂರು: ತುದಿಯ ಎರಡಕ್ಕೆ ಒಂದೊಂದು, ನಡುವಿನ ಎರಡಕ್ಕೂ ಸೇರಿ ಒಂದು. ಫೈರಿಂಗ್ ಆರ್ಡರ್ 1-3-4-2. ಅಂದರೆ ಒಂದೇ ಬಾಯಿ ಹಂಚಿಕೊಂಡ ಎರಡು ಸಿಲಿಂಡರ್‌ಗಳು ಒಂದರ ಬೆನ್ನಿಗೆ ಒಂದು ಎಳೆಯುತ್ತವೆ, ಆಮೇಲೆ ಆ ಬಾಯಿಗೆ ದೀರ್ಘ ಬಿಡುವು. ಒಂದೇ ನಳಕ್ಕೆ ಎರಡು ಕೊಡ ಹಿಡಿದಂತೆ. ಎರಡಕ್ಕೂ ಒಂದೇ ಅಳತೆ ಬೀಳುವುದಿಲ್ಲ. ಆದ್ದರಿಂದ ತುದಿಯ ಒಂದು, ನಾಲ್ಕಕ್ಕೂ ನಡುವಿನ ಎರಡು, ಮೂರಕ್ಕೂ ಬಣ್ಣದಲ್ಲಿ ತುಸು ಹೆಚ್ಚುಕಡಿಮೆ ಇದ್ದರೆ ಅದು ರೋಗವಲ್ಲ, ಹುಟ್ಟುಗುಣ. ಅದನ್ನು ಸರಿಮಾಡಲು ಹೋದವರು ಸರಿಯಿದ್ದದ್ದನ್ನು ಕೆಡಿಸಿದ್ದಾರೆ.

ಈ ಜೋಡಣೆ ಗೊತ್ತಿದ್ದರೆ ಪ್ಲಗ್ಗಿನ ಸಾಲು ನಕ್ಷೆಯಂತೆ ಓದಲು ಬರುತ್ತದೆ. ಒಂದು ಮತ್ತು ಎರಡು ಬೆಳ್ಳಗಾಗಿ, ಮೂರು ನಾಲ್ಕು ಸರಿಯಿದ್ದರೆ ಮುಂದಿನ ಬಾಯಿಯ ಹತ್ತಿರ ಎಲ್ಲೋ ಗಾಳಿ ಕದ್ದು ಒಳಗೆ ಹೋಗುತ್ತಿದೆ. ಮೂರು ನಾಲ್ಕು ಬೆಳ್ಳಗಾದರೆ ಹಿಂದಿನ ಬಾಯಿ. ಒಂದೇ ಒಂದು ಕೆಟ್ಟು, ಅದರ ಜೋಡಿ ಸರಿಯಿದ್ದರೆ ಗಾಳಿಯ ಸುದ್ದಿ ಬಿಡಿ. ಆ ಸಿಲಿಂಡರಿನ ಪ್ಲಗ್, ವೈರ್, ಟ್ಯಾಪೆಟ್, ವಾಲ್ವ್ ನೋಡಿ. ಎರಡು ಮತ್ತು ಮೂರು ಒಟ್ಟಿಗೆ ಸತ್ತಿದ್ದರೆ ಅವುಗಳ ನಡುವೆ ಹೆಡ್ ಪ್ಯಾಕಿಂಗ್ ಹಾರಿರುವ ಸಂಶಯ ಗಟ್ಟಿ.

ನನ್ನ ಗಾಡಿಯದ್ದು ಮೊದಲನೆಯ ಬಗೆ. ಮಿಸ್ತ್ರಿ ಮ್ಯಾನಿಫೋಲ್ಡ್ ಕಡೆ ಬಂದರು. ಅಂಬಾಸಿಡರಿನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಎಂಜಿನ್ನಿನ ಒಂದೇ ಬದಿಗಿವೆ, ಎರಡಕ್ಕೂ ಸೇರಿ ಒಂದೇ ಪ್ಯಾಕಿಂಗ್. ಕೆಲವು ಸ್ಟಡ್‌ಗಳ ಮೇಲೆ ದಪ್ಪನೆಯ ದೊಡ್ಡ ವಾಷರ್ ಕೂತಿರುತ್ತದೆ. ಅದರ ಒಂದು ಅಂಚು ಇನ್‌ಲೆಟ್ ಕಾಲಿನ ಮೇಲೆ, ಇನ್ನೊಂದು ಅಂಚು ಎಕ್ಸಾಸ್ಟ್ ಕಾಲಿನ ಮೇಲೆ. ಒಂದೇ ನಟ್ಟು ಎರಡನ್ನೂ ಒತ್ತಿ ಹಿಡಿಯಬೇಕು. ಎರಡು ಕಾಲುಗಳ ದಪ್ಪ ಸಮವಾಗಿದ್ದರೆ ಸರಿ. ನಮ್ಮದಕ್ಕೆ ಹಿಂದೊಮ್ಮೆ ಯಾರೋ ಬೇರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹಾಕಿದ್ದರು. ಅದರ ಕಾಲು ಕೂದಲೆಳೆಯಷ್ಟು ದಪ್ಪ. ನಟ್ಟು ಎಷ್ಟು ಬಿಗಿದರೂ ವಾಷರ್ ಎಕ್ಸಾಸ್ಟ್ ಮೇಲೆ ಮಾತ್ರ ಕೂತು, ಇನ್‌ಲೆಟ್ ಕಡೆ ಎದ್ದು ನಿಂತಿತ್ತು. ಮಿಸ್ತ್ರಿ ಫೀಲರ್ ಗೇಜಿನ ಎಲೆಯೊಂದನ್ನು ವಾಷರಿನ ಕೆಳಗೆ ತೂರಿಸಿ ನನಗೆ ತೋರಿಸಿದರು. ಸಲೀಸಾಗಿ ಒಳಗೆ ಹೋಯಿತು. ನಟ್ಟು ಕಲ್ಲಿನ ಹಾಗೆ ಬಿಗಿಯಾಗಿತ್ತು, ಹಿಡಿತ ಮಾತ್ರ ಇರಲಿಲ್ಲ. ವಾಷರನ್ನು ಒಂದು ಬದಿ ಅರದಿಂದ ಉಜ್ಜಿ, ಮ್ಯಾನಿಫೋಲ್ಡಿನ ಮುಖಕ್ಕೆ ಸ್ಟೀಲ್ ಪಟ್ಟಿ ಹಿಡಿದು ಡೊಂಕಿಲ್ಲವೆಂದು ಖಾತ್ರಿ ಮಾಡಿಕೊಂಡು, ಹೊಸ ಪ್ಯಾಕಿಂಗ್ ಹಾಕಿದರು. ಎರಡು ದಿನ ಓಡಿಸಿದ ಮೇಲೆ ತಣ್ಣಗಿದ್ದಾಗ ಮತ್ತೊಮ್ಮೆ ಬಿಗಿಯಲು ಹೇಳಿದರು. ಕುಣಿತ ಅಲ್ಲಿಗೆ ನಿಂತಿತು.

ವೇಗದಲ್ಲಿ ಸರಿಯಿದ್ದು ಸ್ಲೋದಲ್ಲಿ ಮಾತ್ರ ಯಾಕೆ ಕುಣಿಯುತ್ತಿತ್ತು? ಸ್ಲೋದಲ್ಲಿ ಥ್ರಾಟಲ್ ಮುಚ್ಚಿರುತ್ತದೆ, ಒಳಗಿನ ಎಳೆತ ಜೋರು, ಎಂಜಿನ್ ಸೇದುವ ಗಾಳಿಯೇ ಸ್ವಲ್ಪ. ಆ ಸ್ವಲ್ಪದಲ್ಲಿ ಕದ್ದು ಬಂದ ಗಾಳಿಯ ಪಾಲು ದೊಡ್ಡದು. ಥ್ರಾಟಲ್ ತೆರೆದಾಗ ಅದೇ ಬಿರುಕಿನ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ‘ಸ್ಲೋದಾಗ ಮಿಸ್, ಓಡುವಾಗ ಚಲೋ’ ಎಂದರೆ ಮೊದಲ ಸಂಶಯ ಗಾಳಿ ಸೋರಿಕೆಯದ್ದು. ಉಲ್ಟಾ, ಸ್ಲೋ ಚೆನ್ನಾಗಿದ್ದು ಏರಿನಲ್ಲಿ ಉಸಿರು ಕಟ್ಟಿದರೆ ಮೇನ್ ಜೆಟ್ಟಿನ ಕಸ, ಪಂಪು, ಫಿಲ್ಟರು.

ಸೋರಿಕೆ ಹಿಡಿಯಲು ಹಲವರು ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಶಬ್ದ ಬದಲಾದರೆ ಅಲ್ಲೇ ತೂತು ಎಂದು ಅರ್ಥ. ದಯವಿಟ್ಟು ಮಾಡಬೇಡಿ. ಇನ್‌ಲೆಟ್ಟಿನ ಮಗ್ಗುಲಲ್ಲೇ ಕೆಂಡದಂತೆ ಕಾದ ಎಕ್ಸಾಸ್ಟ್ ಇದೆ. ಕಾರ್ಬೋರೇಟರ್ ಕ್ಲೀನರ್ ಸ್ಪ್ರೇ ಕೂಡ ಬೆಂಕಿ ಹತ್ತುವ ಪದಾರ್ಥವೇ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಚಾಲೂ ಮಾಡಿ, ಮೊದಲ ಒಂದೆರಡು ನಿಮಿಷದೊಳಗೆ ಸಾಬೂನು ನೀರನ್ನು ಬ್ರಶ್ಶಿನಿಂದ ಜೋಡಣೆಯ ಗುಂಟ ಹಚ್ಚಿ. ನೀರು ತೂತು ಮುಚ್ಚಿದ ಕ್ಷಣ ಎಂಜಿನ್ನಿನ ದನಿ ಬದಲಾಗುತ್ತದೆ, ಕೆಲವೊಮ್ಮೆ ನೀರು ಸರ್ ಅಂತ ಒಳಗೆ ಎಳೆಯಲ್ಪಡುವುದೂ ಕಾಣುತ್ತದೆ. ಮ್ಯಾನಿಫೋಲ್ಡ್ ಮುಗಿಸಿ ಕಾರ್ಬೋರೇಟರಿನ ಕಾಲು, ವ್ಯಾಕ್ಯೂಮ್ ಪೈಪಿನ ರಬ್ಬರ್, ಥ್ರಾಟಲ್ ಸ್ಪಿಂಡಲ್ ತೂರಿಬರುವ ಎರಡೂ ಬದಿ ನೋಡಿ. ಸ್ಪಿಂಡಲ್ ಸವೆದು ಅಲುಗಾಡುತ್ತಿದ್ದರೆ ಅಲ್ಲಿ ಬರುವ ಗಾಳಿ ನಾಲ್ಕಕ್ಕೂ ಹಂಚಿಹೋಗುತ್ತದೆ. ಆಗ ನಾಲ್ಕೂ ಪ್ಲಗ್ ಬೆಳ್ಳಗೆ.

ಯಾವ ಸಿಲಿಂಡರ್ ದುಡಿಯುತ್ತಿಲ್ಲ ಎಂದು ಹಿಡಿಯಲು ಹಳೆಯ ದಾರಿ, ಸ್ಲೋದಲ್ಲಿ ಒಂದೊಂದೇ ಪ್ಲಗ್ ವೈರ್ ಕಿತ್ತು ನೋಡುವುದು. ದುಡಿಯುವ ಸಿಲಿಂಡರಿನ ವೈರ್ ಕಿತ್ತರೆ ಎಂಜಿನ್ ಕುಗ್ಗುತ್ತದೆ. ಕಿತ್ತರೂ ವ್ಯತ್ಯಾಸವೇ ಇಲ್ಲದಿದ್ದರೆ ಅದೇ ಸೋಮಾರಿ. ರಬ್ಬರ್ ಹಿಡಿಯ ಪಕ್ಕಡ್ ಬಳಸಿ, ಕಿತ್ತ ವೈರಿನ ತುದಿಯನ್ನು ಎಂಜಿನ್ನಿಗೆ ಅರ್ಥ್ ಮಾಡಿ, ಇಲ್ಲದಿದ್ದರೆ ಕಾಯಿಲ್ ಸಾಯುತ್ತದೆ. ಧೋತರ, ಟವೆಲ್ಲು, ಸೆರಗು ಫ್ಯಾನಿನಿಂದ ದೂರ ಇರಲಿ. ಪತ್ರಾಸಿನ ಶೆಡ್ಡಿನಲ್ಲಿ ಬಾಗಿಲು ಮುಚ್ಚಿ ಎಂಜಿನ್ ಓಡಿಸಲೇಬೇಡಿ.

ತಣ್ಣನೆಯ ಎಂಜಿನ್ ಚಾಲೂ ಮಾಡಿ ಅರ್ಧ ನಿಮಿಷಕ್ಕೆ ಎಕ್ಸಾಸ್ಟ್ ಕಾಲುಗಳ ಮೇಲೆ ಒಂದೊಂದು ಹನಿ ನೀರು ಬಿಡುವ ಪದ್ಧತಿಯೂ ಉಂಟು. ಚುಂಯ್ ಅಂದದ್ದು ದುಡಿಯುತ್ತಿದೆ, ಹನಿ ಹಾಗೇ ಕೂತದ್ದು ಮಲಗಿದೆ. ಹನಿ ಅಂದರೆ ಹನಿಯೇ, ಚೊಂಬಲ್ಲ. ಕಾದ ಬೀಡು ಕಬ್ಬಿಣ ಬಿರಿಯುತ್ತದೆ. ಈಗ ಸಿಗುವ ಗನ್ನಿನಂಥ ಉಷ್ಣಮಾಪಕವೂ ಇದೇ ಕೆಲಸ ಮಾಡುತ್ತದೆ. ಅಂಬಾಸಿಡರಿನಲ್ಲಿ ಎರಡು, ಮೂರಕ್ಕೆ ಒಂದೇ ಎಕ್ಸಾಸ್ಟ್ ಬಾಯಿ ಇರುವುದರಿಂದ ಅವೆರಡರಲ್ಲಿ ತಪ್ಪಿತಸ್ಥ ಯಾರೆಂದು ಹೀಗೆ ತಿಳಿಯುವುದಿಲ್ಲ. ಅದಕ್ಕೆ ವೈರ್ ಕೀಳುವುದೇ ದಾರಿ.

ಸೋಮಾರಿ ಸಿಕ್ಕ ಮೇಲೆ ಅದರ ಪ್ಲಗ್ ಇನ್ನೊಂದಕ್ಕೆ ಹಾಕಿ. ದೋಷ ಪ್ಲಗ್ಗಿನ ಜೊತೆ ಹೋದರೆ ಅಲ್ಲಿಗೆ ಮುಗಿಯಿತು. ಹೋಗದಿದ್ದರೆ ವೈರ್ ಬದಲಿಸಿ ನೋಡಿ. ಕರೆಂಟಿನ ದೋಷ ಕಾರ್ಬೋರೇಟರಿನ ವೇಷ ಹಾಕುವುದು ಎಷ್ಟು ಸಾಮಾನ್ಯವೆಂದರೆ, ಕಿಡಿ ಬಾರದ ಸಿಲಿಂಡರಿನ ಪ್ಲಗ್ ಪೆಟ್ರೋಲಿನಲ್ಲಿ ತೊಯ್ದು ಕಪ್ಪಾಗಿ ಬರುತ್ತದೆ, ನೋಡಿದವರು ‘ರಿಚ್ ಐತಿ’ ಎಂದು ಸ್ಕ್ರೂ ತಿರುವುತ್ತಾರೆ. ಮೂಸಿ ನೋಡಿ: ಒಣ ಮಸಿಯಾದರೆ ರಿಚ್, ಹಸಿ ಪೆಟ್ರೋಲ್ ವಾಸನೆಯಾದರೆ ಕಿಡಿ ಇಲ್ಲ, ಜಿಡ್ಡು ಎಣ್ಣೆಯಾದರೆ ರಿಂಗು ಅಥವಾ ವಾಲ್ವ್ ಗೈಡ್. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿದರೆ ಸೀಳಿದ ವೈರಿನಿಂದ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ. ಪಾಯಿಂಟ್ ಗ್ಯಾಪ್ 15 ಥೌ ಇರಲಿ.

ಆಮೇಲೆ ಟ್ಯಾಪೆಟ್, ಅದೂ 15 ಥೌ. ಒಂದು ವಾಲ್ವ್ ಬಿಗಿಯಾಗಿ ಪೂರ್ತಿ ಮುಚ್ಚದಿದ್ದರೆ ಎಂಥ ಕಾರ್ಬೋರೇಟರ್ ತಂದು ಕೂರಿಸಿದರೂ ಆ ಸಿಲಿಂಡರ್ ಸರಿಯಾಗಿ ಎಳೆಯದು. ಕೊನೆಗೆ ಕಂಪ್ರೆಷನ್ ಗೇಜ್. ನಾಲ್ಕೂ ಪ್ಲಗ್ ತೆಗೆದು, ಎಕ್ಸಲರೇಟರ್ ಪೂರ್ತಿ ಒತ್ತಿ, ಸೆಲ್ಫ್ ಹೊಡೆದು ಒಂದೊಂದನ್ನೂ ಅಳೆಯಿರಿ. ನಾಲ್ಕೂ ನೂರಕ್ಕೆ ಹತ್ತರ ಅಂತರದೊಳಗೆ ಇರಬೇಕು. ಕಡಿಮೆ ಬಂದದ್ದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಪ್ಯಾಕಿಂಗ್.

ಪೆಟ್ರೋಲ್ ಬಂಕಿನ ಪಿಯುಸಿ ಚೀಟಿಯನ್ನು ನಾವು ಪೊಲೀಸರಿಗೆ ತೋರಿಸಲಷ್ಟೇ ಇಟ್ಟುಕೊಳ್ಳುತ್ತೇವೆ. ಅದರಲ್ಲಿ ಎರಡು ಅಂಕಿಗಳಿವೆ. ಕಾರ್ಬನ್ ಮಾನಾಕ್ಸೈಡ್ ಶೇಕಡಾ ಎಷ್ಟು, ಉರಿಯದೆ ಹೊರಬಿದ್ದ ಹೈಡ್ರೋಕಾರ್ಬನ್ ಎಷ್ಟು ಪಿಪಿಎಂ. ಹಳೆಯ ಪೆಟ್ರೋಲ್ ಕಾರುಗಳಿಗೆ ಮಿತಿ 3 ಮತ್ತು 1500. ಮೊದಲನೆಯ ಅಂಕಿ ಜಾಸ್ತಿಯಿದ್ದರೆ ಎಂಜಿನ್ ಒಟ್ಟಾರೆ ರಿಚ್. ಅದು ಸಾಧಾರಣವಿದ್ದು ಎರಡನೆಯದು ಮಾತ್ರ ಮೇಲಕ್ಕೆ ಹಾರಿದ್ದರೆ ಯಾವುದೋ ಒಂದು ಸಿಲಿಂಡರ್ ಪೆಟ್ರೋಲನ್ನು ಉರಿಸದೆ ಹಾಗೇ ಹೊರಗೆ ತಳ್ಳುತ್ತಿದೆ. ಸೈಲೆನ್ಸರಿನಲ್ಲಿ ನಾಲ್ಕರ ಹೊಗೆಯೂ ಬೆರೆತು ಬರುವುದರಿಂದ ಯಾವುದು ಎಂದು ಚೀಟಿ ಹೇಳದು. ಆದರೆ ಹುಡುಕಬೇಕಾದ ದಿಕ್ಕು ಇಷ್ಟು ಅಗ್ಗದಲ್ಲಿ ಬೇರೆಲ್ಲೂ ಸಿಗದು. ರಿಪೇರಿಗೆ ಮೊದಲು ಒಂದು ಚೀಟಿ, ಆಮೇಲೆ ಒಂದು ಚೀಟಿ ಮಾಡಿಸಿ ಜೊತೆಗಿಟ್ಟು ನೋಡಿ.

ಹಳೆಯ ಗಾಡಿಗಳಿಗೆ ಈಗ ಬಂದಿರುವ ಹೊಸ ತೊಡಕು ನಮ್ಮ ಹೊಲದ್ದೇ. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಆ ಎಥೆನಾಲ್ ಬರುವ ಮೂಲಗಳಲ್ಲಿ ಕಬ್ಬಿನ ರಸ, ಮೊಲ್ಯಾಸಿಸ್ ಕೂಡ ಇವೆ. ಘಟಪ್ರಭೆ, ಹಿರಣ್ಯಕೇಶಿ ದಂಡೆಯ ಊರುಗಳಿಗೆ ಅದರ ವಾಸನೆ ಹೊಸದಲ್ಲ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಒಂದು ಕಿಲೋಗೆ ಸುಮಾರು 9 ಕಿಲೋ ಗಾಳಿ ಸಾಕು. ಹೀಗಾಗಿ ಬೆರಕೆ ಪೆಟ್ರೋಲಿಗೆ ಬೇಕಾದ ಗಾಳಿ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಈಗಿನ ಇಂಜೆಕ್ಷನ್ ಕಾರು ಇದನ್ನು ಸೆನ್ಸರಿನಿಂದ ಅರಿತು ಪೆಟ್ರೋಲ್ ಹೆಚ್ಚಿಸಿಕೊಳ್ಳುತ್ತದೆ. ಕಾರ್ಬೋರೇಟರಿಗೆ ಆ ಬುದ್ಧಿ ಇಲ್ಲ, ಹಳೆಯ ಅಳತೆಯಲ್ಲೇ ಬಡಿಸುತ್ತದೆ. ಪರಿಣಾಮ, ನಾಲ್ಕೂ ಸಿಲಿಂಡರ್ ಒಟ್ಟಿಗೆ ಸ್ವಲ್ಪ ಲೀನ್. ಮೊದಲೇ ಗಾಳಿ ಸೋರುತ್ತಿದ್ದ ಜೋಡಿ ಇದರಿಂದ ಮಿಸ್ ಹೊಡೆಯುವ ಮಟ್ಟಕ್ಕೆ ಬರುತ್ತದೆ. ‘ಹತ್ತು ವರ್ಷ ಸರಿಯಿದ್ದದ್ದು ಈಗ ಯಾಕೆ ಕೆಟ್ಟಿತು’ ಎಂಬುದಕ್ಕೆ ಎಷ್ಟೋ ಸಲ ಉತ್ತರ ಇದೇ. ಸಣ್ಣ ಸೋರಿಕೆ ಮೊದಲೂ ಇತ್ತು, ಮುಚ್ಚಿಕೊಂಡು ಹೋಗುತ್ತಿತ್ತು.

ಎಥೆನಾಲ್ ಹಳೆಯ ರಬ್ಬರನ್ನೂ ತಿನ್ನುತ್ತದೆ, ನೀರನ್ನೂ ಹೀರುತ್ತದೆ. ಪಂಪಿನ ಡಯಾಫ್ರಮ್, ಪೆಟ್ರೋಲ್ ಪೈಪು ಹಳೆಯವಾಗಿದ್ದರೆ ಎಥೆನಾಲ್ ತಡೆಯುವಂಥವನ್ನು ಹಾಕಿಸಿ. ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸುವವರು ಫ್ಲೋಟ್ ಚೇಂಬರ್ ಖಾಲಿ ಮಾಡಿ ನಿಲ್ಲಿಸಿ.

ಸೋರಿಕೆ ಇಲ್ಲ, ಕಿಡಿ ಸರಿ, ಟ್ಯಾಪೆಟ್ ಸರಿ, ಕಂಪ್ರೆಷನ್ ಸರಿ. ಈಗ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಎಸ್‌ಯು ಕಾರ್ಬೋರೇಟರ್ ಇದ್ದರೆ ಎಂಜಿನ್ ಬಿಸಿಯಿದ್ದಾಗ ಅದರ ಪಿಸ್ಟನ್ನನ್ನು ಒಂದು ಮಿಲಿಮೀಟರಿನಷ್ಟು ಮಾತ್ರ ಎತ್ತಿ ಕಿವಿಗೊಡಿ. ವೇಗ ಏರಿ ಹಾಗೇ ನಿಂತರೆ ರಿಚ್. ಕುಗ್ಗಿ ಬಂದ್ ಆಗುವಂತಾದರೆ ಲೀನ್. ಒಂದು ಕ್ಷಣ ತುಸು ಏರಿ ಮೊದಲಿನಂತಾದರೆ ಸರಿ. ಜೆಟ್ಟಿನ ಕೆಳಗಿನ ಆರು ಮೂಲೆಯ ನಟ್ಟನ್ನು ಕೆಳಕ್ಕಿಳಿಸಿದರೆ ಪೆಟ್ರೋಲ್ ಹೆಚ್ಚು, ಮೇಲಕ್ಕೇರಿಸಿದರೆ ಕಡಿಮೆ. ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುವಿ. ಮೇಲಿನ ಡ್ಯಾಶ್‌ಪಾಟಿನಲ್ಲಿ ಎಣ್ಣೆ ಇದೆಯೇ ನೋಡುವುದನ್ನು ಅರ್ಧ ಜನ ಮರೆಯುತ್ತಾರೆ. ಸೋಲೆಕ್ಸ್ ಇದ್ದರೆ ಮಿಕ್ಸ್ಚರ್ ಸ್ಕ್ರೂ ಸ್ಲೋಗೆ ಮಾತ್ರ. ಓಡುವಾಗಿನ ಮಿಶ್ರಣ ಮೇನ್ ಜೆಟ್ಟಿನ ತೂತಿನದು, ಸ್ಕ್ರೂ ತಿರುವಿ ಅದನ್ನು ಬದಲಿಸಲು ಆಗದು. ಜೆಟ್ಟಿಗೆ ತಂತಿ ತೂರಿಸಿ ಸ್ವಚ್ಛ ಮಾಡಬೇಡಿ, ಗಾಳಿ ಹೊಡೆಸಿ.

ಕಾರ್ಬೋರೇಟರಿನ ಮಾರುತಿ 800 ಇಟ್ಟುಕೊಂಡವರಿಗೂ ಇದೇ ಕ್ರಮ. ಅಲ್ಲಿ ಸಿಲಿಂಡರ್ ಮೂರು, ಫೈರಿಂಗ್ ಆರ್ಡರ್ 1-3-2. ರಬ್ಬರ್ ಪೈಪುಗಳು ಹೆಚ್ಚು, ಸೋರಿಕೆ ಹುಡುಕುವ ತಾಳ್ಮೆಯೂ ಹೆಚ್ಚು ಬೇಕು.

ಇನ್ನೊಂದು ಮಾತು. ಬದಲಿಸಿದ ನನ್ನ ಮೊದಲಿನ ಕಾರ್ಬೋರೇಟರನ್ನು ನಾನು ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದೆ. ಮ್ಯಾನಿಫೋಲ್ಡ್ ಸರಿಯಾದ ಮೇಲೆ ಕೇಳಲು ಹೋದರೆ ಅದು ಗುಜರಿಗೆ ಹೋಗಿತ್ತು. ಅದರಲ್ಲಿ ಯಾವ ದೋಷವೂ ಇರಲಿಲ್ಲ. ನೀವು ಬದಲಿಸುವುದೇ ಆದರೆ ಹಳೆಯದನ್ನು ಕೇಳಿ ಪಡೆದು, ಬಟ್ಟೆಯಲ್ಲಿ ಸುತ್ತಿ ಮನೆಗೆ ತನ್ನಿ.